ಎದೆಬಿಸಿ, ದಿನಕ್ಕೆ 8 ತಾಸು

ತಂಗಿಯ ಕೂಸು ಹುಟ್ಟಿದಾಗ 1,700 ಗ್ರಾಂ. ನರ್ಸಕ್ಕ ಅದನ್ನು ಬರಿಮೈಲೇ ತಂಗಿಯ ಎದೆಗೆ ಕಟ್ಟಿದರು. "ಈ ಬಿಸಿಲಾಗ ಇದೇನವ್ವ?" ಅಂದಳು ಅವ್ವ. ನನಗೂ ಹೆದರಿಕೆಯಾಗಿತ್ತು.

ಆಮೇಲೆ ಓದಿದೆ. 2,000 ಗ್ರಾಂಗಿಂತ ಹಗುರ ಇರುವ ಕೂಸುಗಳಿಗೆ ದಿನಕ್ಕೆ ಕನಿಷ್ಠ 8 ತಾಸು ಎದೆಬಿಸಿ, ಜೊತೆಗೆ ಬರೀ ತಾಯಿಹಾಲು ಸಿಗುವಂತೆ ಮಾಡುವುದು ಹೇಗೆ ಅಂತ ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಸಂಶೋಧನೆ ನಡೆದಿದೆ. ಹೀಗೆ ಕೂಸನ್ನು ಬರಿಮೈಲೇ ಎದೆಗೆ ಕಟ್ಟಿ ಬೆಚ್ಚಗಿಡುವುದಕ್ಕೆ ಕಾಂಗರೂ ಆರೈಕೆ ಅಂತಾರೆ. 2021ರಲ್ಲಿ ಬಂದ ಇನ್ನೊಂದು ಅಧ್ಯಯನ ಭಾರತ ಮತ್ತು ಆಫ್ರಿಕಾದ ಐದು ಆಸ್ಪತ್ರೆಗಳದ್ದು. ಕೂಸು ಸುಧಾರಿಸಲಿ ಅಂತ ಕಾಯದೆ ಹುಟ್ಟಿದ ಕೂಡಲೇ ಶುರು ಮಾಡಿದಾಗ, ಮೊದಲ 28 ದಿನಗಳ ಸಾವು ಶೇ 25ರಷ್ಟು ಇಳಿಯಿತು.

ಕೂಸನ್ನು ಬೆಚ್ಚಗಿಡೋ ಯಂತ್ರದ ಹಾಗೆ ಇದಕ್ಕೆ ಕರೆಂಟ್ ಬೇಡ, ನಿಜ. ಆದರೆ ತಾಯಿಯ 8 ತಾಸು ಬೇಕಲ್ವಾ? ರೊಟ್ಟಿ ಬಡಿಯೋರು ಯಾರು, ನೀರು ತುಂಬೋರು ಯಾರು? ನಮ್ಮಲ್ಲಿ ಅವ್ವ ಒಲೆ ನೋಡಿಕೊಂಡಳು, ತಂಗಿಯ ಗಂಡ ರಾತ್ರಿಯೆಲ್ಲ ಕೂಸನ್ನು ತನ್ನ ಎದೆಗೆ ಕಟ್ಟಿಕೊಂಡು ಕೂತ.