ನಾಲ್ಕನೆಯವನ ಗತಿ

ಬೆಳಿಗ್ಗೆ ಚಾಮುಂಡಿ ಬೆಟ್ಟದ ನಂದಿ ತನಕ ಸೈಕಲ್ ತುಳಿದು ಏದುಸಿರು ಬಿಡುತ್ತಾ ನಿಂತಿದ್ದೆ. ಅಕ್ಕನ ಮಗನಿಗೆ ಒಂದು ಹನಿ ಬೆವರೂ ಇಲ್ಲ. ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸುವ ಟ್ರಯಥ್ಲಾನ್ ಹುಚ್ಚ ಅವನು.

"ಮಾವ, ಒಲಿಂಪಿಕ್ಸ್ ಟ್ರಯಥ್ಲಾನಿಗೆ ಒಂದು ದೇಶದಿಂದ ಗಂಡಸರಲ್ಲಿ ಹೆಚ್ಚೆಂದರೆ ಮೂರೇ ಜನ, ಗೊತ್ತಾ?"

ಪ್ಯಾರಿಸ್ 2024ರಲ್ಲಿ ಇದ್ದದ್ದು 55 ಗಂಡಸರು, 55 ಹೆಂಗಸರು. ಮೂರನೆಯವರಿಗೆ ಜಾಗ ಬೇಕೆಂದರೆ ಮೂವರೂ ಒಲಿಂಪಿಕ್ ಅರ್ಹತೆಯ ರ‍್ಯಾಂಕಿಂಗಿನ ಮೊದಲ 30ರೊಳಗೆ ಇರಬೇಕಿತ್ತು. ಗಟ್ಟಿ ದೇಶದ ನಾಲ್ಕನೆಯವನು ಎಷ್ಟೇ ಚೆನ್ನಾಗಿ ಓಡಲಿ, ಮನೆಯಲ್ಲಿ ಕೂತು ಟಿವಿ ನೋಡಬೇಕು. ಅನ್ಯಾಯ ಅಲ್ವಾ? ಆದರೆ ಮಿತಿ ಇಲ್ಲದಿದ್ದರೆ ಸಣ್ಣ ದೇಶದವರಿಗೆ ಜಾಗ ಇನ್ನೂ ಕಮ್ಮಿ. ನನಗಂತೂ ಇದೇ ಸರಿ ಅನಿಸಿತು.

ಅವನು ಒಪ್ಪಲಿಲ್ಲ. ಹೋದ ವರ್ಷ ಈಜು ತಂಡದಲ್ಲಿ ಒಂದೇ ಸ್ಥಾನದಿಂದ ಜಾಗ ಕಳೆದುಕೊಂಡವನು. ಮಾತು ಅರ್ಧಕ್ಕೇ ಬಿಟ್ಟು, ಇಳಿಜಾರಿನಲ್ಲಿ ಹಿಂದಿರುಗಿಯೂ ನೋಡದೆ ಹೋದ.