ಜುಲೈಯಲ್ಲಿ ಊರಿಗೆ ಹೋಗ್ತೀರಾ ಸರ್?

ಹೊಸ ರೀಫ್ ಟ್ಯಾಂಕಿನ, ಅಂದರೆ ಹವಳ ಸಾಕುವ ಅಕ್ವೇರಿಯಂನ, ಸೈಟ್ ಸರ್ವೆಗೆ ಹೋದರೆ ನಾನು ಈಗ ಮೊದಲು ಕೇಳುವುದು ಇದನ್ನೇ. ನಮ್ಮ ಸೇಲ್ಸ್‌ನವನಿಗೆ ಇದು ಕೇಳಿದರೇ ಆಗುವುದಿಲ್ಲ. "ಗಿರಾಕಿ ಹವಳದ ಬಣ್ಣ ನೋಡ್ತಾ ಕೂತಿರುವಾಗ ನೀನು ಅವರ ರಜೆ ವಿಚಾರಿಸ್ತೀಯಲ್ಲ" ಅಂತಾನೆ. ಒಬ್ಬ ಗಿರಾಕಿಯ ಟ್ಯಾಂಕ್ ಕಾದುಹೋದ ಆ ರಾತ್ರಿ ಅವನು ಮನೆಯಲ್ಲಿ ನಿದ್ದೆ ಮಾಡುತ್ತಿದ್ದ. ಮಾಡಿದ್ದು ನಾನೂ ಅದನ್ನೇ, ಅದನ್ನೂ ಹೇಳಬೇಕು.

ನಾನಿರುವುದು ದುಬೈಯಲ್ಲಿ. ಅಕ್ವೇರಿಯಂ ಕೂರಿಸುವುದು, ಆಮೇಲೆ ವಾರಕ್ಕೊಮ್ಮೆ ಹೋಗಿ ನೋಡಿಕೊಳ್ಳುವುದು ನಮ್ಮ ಕಂಪನಿಯ ಕೆಲಸ. ಯಾವ ಟ್ಯಾಂಕಿಗೆ ಯಾವ ಸಾಮಾನು ಅಂತ ಪಟ್ಟಿ ಮಾಡುವವನು ನಾನು. (ಟ್ಯಾಂಕಿನ ಕೆಳಗೆ ಫಿಲ್ಟರ್ ಕೂರುವ ತೊಟ್ಟಿಗೆ ನಾವು ಸಂಪ್ ಅನ್ನುತ್ತೇವೆ. ಫೋನಿನಲ್ಲಿ "ಸಂಪ್ ಕ್ಲೀನ್ ಮಾಡ್ತಿದ್ದೆ" ಅಂದರೆ ಅಮ್ಮ ಇವತ್ತಿಗೂ ನಾನು ಯಾರದೋ ಮನೆಯ ನೀರಿನ ತೊಟ್ಟಿಗೆ ಇಳಿದಿದ್ದೇನೆ ಅಂದುಕೊಳ್ಳುತ್ತಾರೆ.) ಆ ರಾತ್ರಿಯ ಗಿರಾಕಿ ಉಡುಪಿಯವರು. ಊರಲ್ಲಿ ಈ ಆಸೆ ತೀರುವಂಥದ್ದಲ್ಲ. ಅಲ್ಲಿ ಕಲ್ಲು ಹವಳ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿ, ಹುಲಿಯ ಸಾಲಿನಲ್ಲೇ ಇದೆ. ಇಲ್ಲಿ ಸೈಟಿಸ್ ಕಾಗದ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಬೇಕಾದ ಅಂತರರಾಷ್ಟ್ರೀಯ ಪರವಾನಗಿ) ಸರಿಯಿದ್ದರೆ ತರಿಸಬಹುದು. ಹಾಗಾಗಿ ಅವರು ಆಸೆಯನ್ನೆಲ್ಲ ಒಟ್ಟು ಮಾಡಿಕೊಂಡು ಬಂದಿದ್ದರು. ಪೂರ್ತಿ ಎಸ್‌ಪಿಎಸ್ (ಸಣ್ಣ ಪಾಲಿಪ್‌ನ ಕಲ್ಲು ಹವಳ), ಅದರಲ್ಲೂ ಕವಲು ಕವಲಾಗಿ ಬೆಳೆಯುವ ಆಕ್ರೊಪೋರಾ ಜಾಸ್ತಿ ಇರಬೇಕು.

150 ಸೆಂ.ಮೀ. ಉದ್ದ, 60 ಅಗಲ, 60 ಎತ್ತರದ ಗಾಜು. ಸಂಪ್ ಸೇರಿ ಸುಮಾರು 680 ಲೀಟರ್. ಲೈಟಿನ ಮೇಲೆ ನಾನೂ ಗಿರಾಕಿಯೂ ಮೂರು ವಾರ ಚರ್ಚೆ ಮಾಡಿದೆವು. ಕಲ್ಲಿನ ಮೇಲ್ತುದಿಯಲ್ಲಿ ಪಾರ್ (ಹವಳಕ್ಕೆ ಸಿಗುವ ಬೆಳಕಿನ ಅಳತೆ) 350 ಸಾಕೋ 400 ಬೇಕೋ, ನೀಲಿ ಎಷ್ಟು, ಬಿಳಿ ಎಷ್ಟು. ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರಿಗೆ ಎರಡು ದಿನ. ಹವಳಕ್ಕೆ ಬೇಕಾದ ಖನಿಜ ನೀರಿಗೆ ಸೇರಿಸಲು ಡೋಸರೋ ಕ್ಯಾಲ್ಸಿಯಂ ರಿಯಾಕ್ಟರೋ ಅಂತ ಇನ್ನೊಂದು ವಾರ. ನೀರು ತಣ್ಣಗಿಡುವ ಚಿಲ್ಲರಿಗೆ? ಹದಿನೈದು ನಿಮಿಷ. ಅದೂ ಚಹಾ ಕುಡಿಯುತ್ತಾ.

ಸರ್ವೆ ದಿನ ಹಾಲ್‌ನಲ್ಲಿ ಎಸಿ 22ರಲ್ಲಿ ಓಡುತ್ತಿತ್ತು. ನನಗೇ ಚಳಿ ಹಿಡಿದಿತ್ತು. ಶೀಟಿನಲ್ಲಿ "ರೂಮ್ ಟೆಂಪ್ 24" ಅಂತ ಬರೆದು ಕಾಲು ಎಚ್‌ಪಿ ಚಿಲ್ಲರ್ ಹಾಕಿದೆ. ಅದನ್ನು ಎಲ್ಲಿಡುವುದು? ಹೊರಗೆ ಏನೂ ಕಾಣುವುದಿಲ್ಲ ಅಂತ ಸೇಲ್ಸ್‌ನವನು ಮೊದಲೇ ಮಾತು ಕೊಟ್ಟಿದ್ದ. ಟ್ಯಾಂಕಿನ ಕೆಳಗಿನ ಕ್ಯಾಬಿನೆಟ್ಟಿನಲ್ಲೇ, ಸಂಪಿನ ಪಕ್ಕಕ್ಕೆ ತುರುಕಿದೆವು. ಹಿಂಬದಿಗೆ ಎರಡು ತೂತು ಕೊರೆದು ಜಾಲರಿ ಹಾಕಿದ್ದೆ. ಸಾಕು ಅನ್ನಿಸಿತ್ತು. ಎಂಟು ತಿಂಗಳು ಸಾಕೂ ಆಯಿತು.

ಜುಲೈಯಲ್ಲಿ ಅವರ ಕುಟುಂಬ ಊರಿಗೆ ಹೊರಟಿತು. ಬೆಳಿಗ್ಗೆ ಹೊರಡುವಾಗ ಕರೆಂಟ್ ಬಿಲ್ ಉಳಿಯಲಿ ಅಂತ ಹಾಲ್‌ನ ಎಸಿ ಆರಿಸಿದ್ದರು. ಅವರ ತಪ್ಪಲ್ಲ. ಆರಿಸಬೇಡಿ ಅಂತ ಯಾರೂ ಹೇಳಿರಲಿಲ್ಲ.

ರಾತ್ರಿ 11.40ಕ್ಕೆ ನನ್ನ ವಾಟ್ಸಾಪಿಗೆ ಗಿರಾಕಿಯ ಸ್ಕ್ರೀನ್‌ಶಾಟ್ ಬಂತು. ಟ್ಯಾಂಕಿನ ನೀರು 29.1 ಡಿಗ್ರಿ, ಇರಬೇಕಾದ್ದಕ್ಕಿಂತ ಜಾಸ್ತಿ. ನೀರು ಕಾದರೆ ಅಲಾರಂ ಹೋಗುವುದು ಗಿರಾಕಿಯ ಫೋನಿಗೆ ಮಾತ್ರ. ನಮ್ಮ ಫೋನಿಗೂ ಬರುವ ಹಾಗೆ ಮಾಡಿ ಅಂತ ಬಾಸ್ ಹತ್ತಿರ ಎರಡು ಸಲ ಕೇಳಿದ್ದೆ. "ನೋಡೋಣ" ಅಂದಿದ್ದರು. ಇರಲಿ, ಅವತ್ತು ಸುದ್ದಿ ಸರಿಯಾದ ಹೊತ್ತಿಗೇ ಬಂದಿತ್ತಲ್ವಾ? ನಾನು ಹಾಸಿಗೆಯಲ್ಲಿ ಮಲಗಿಕೊಂಡೇ ಅದನ್ನು ನೋಡಿದೆ. ಹಿಂದಿನ ವಾರ ಬೇರೆ ಟ್ಯಾಂಕೊಂದರಲ್ಲಿ ಇದೇ ಥರದ ಪ್ರೋಬ್ (ನೀರಿನ ಬಿಸಿ ಅಳೆಯುವ ಕಡ್ಡಿ) ಎರಡು ಡಿಗ್ರಿ ಜಾಸ್ತಿ ತೋರಿಸಿತ್ತು. ಇದೂ ಅದೇ ಕತೆ ಅಂದುಕೊಂಡೆ. "ಪ್ರೋಬ್ ಇರಬೇಕು ಸರ್, ಬೆಳಿಗ್ಗೆ ನೋಡ್ತೇನೆ" ಅಂತ ಟೈಪ್ ಮಾಡಿ ಫೋನ್ ಮಗುಚಿಟ್ಟೆ. ಆ ಮೆಸೇಜನ್ನು ಈಗಲೂ ಅಳಿಸಿಲ್ಲ.

2.50ಕ್ಕೆ ಫೋನೇ ಬಂತು. "ಮೂವತ್ತೂವರೆ ತೋರಿಸ್ತಾ ಉಂಟು ಮಾರಾಯ್ರೇ. ಇದು ಪ್ರೋಬಾ?"

ನನ್ನ ಜೊತೆ ಕೆಲಸ ಮಾಡುವ ಕಾಸರಗೋಡಿನ ಹುಡುಗನನ್ನು ಎಬ್ಬಿಸಿಕೊಂಡು ಹೊರಟೆ. ಪಕ್ಕದ ವಿಲ್ಲಾದ ಡ್ರೈವರ್ ಹತ್ತಿರ ಕೀಲಿ ಇತ್ತು. ಒಳಗೆ ಕಾಲಿಟ್ಟಾಗಲೇ ಬೆವರು. ಕ್ಯಾಬಿನೆಟ್ ಬಾಗಿಲು ತೆಗೆದರೆ, ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿದ ಹಾಗೆ ಮುಖಕ್ಕೆ ಹಬೆ ಬಡಿಯಿತು. ಒಳಗೆ ಚಿಲ್ಲರ್ ತಾನೇ ಉಗುಳಿದ ಬಿಸಿಗಾಳಿಯನ್ನು ತಾನೇ ಎಳೆದುಕೊಳ್ಳುತ್ತಿತ್ತು. ಒಂದಿಷ್ಟು ಹೊತ್ತು ಓಡುವುದು, ಕಾದು ಟ್ರಿಪ್ ಆಗುವುದು, ಟಕ್ ಅಂತ ಮತ್ತೆ ಶುರು. ಪಕ್ಕದಲ್ಲೇ ಸಂಪ್. ನೀರು ತಣ್ಣಗಿಡಲು ಇಟ್ಟ ಯಂತ್ರವೇ ನೀರು ಕಾಯಿಸುತ್ತಿತ್ತು. ಕೈ ಥರ್ಮಾಮೀಟರ್ ಅದ್ದಿ ನೋಡಿದೆ. 30.9. ಪ್ರೋಬ್ ಸರಿಯಾಗೇ ಇತ್ತು.

ಹುಡುಗ ಗ್ರೋಸರಿಯಿಂದ ಐಸ್ ಚೀಲ ಹೊತ್ತು ತಂದ. "ಎಲ್ಲ ಹಾಕಿಬಿಡುವಾ ಅಣ್ಣ?" ಅಂದ. ನನಗೂ ಹಾಗೇ ಅನ್ನಿಸಿತ್ತು. ಆದರೆ ಒಮ್ಮೆಲೇ ಇಳಿಸಿದರೆ ಹವಳಕ್ಕೆ ಅದು ಇನ್ನೊಂದು ಏಟು. ಗಂಟೆಗೆ ಅರ್ಧ ಡಿಗ್ರಿಯ ಲೆಕ್ಕದಲ್ಲಿ ಇಳಿಸೋಣ ಅಂದೆ. ಹಾಗೆ ನೋಡಿದರೆ ಎರಡು ಕೆಜಿಯ ಚೀಲ ಪೂರ್ತಿ ಕರಗಿದರೂ 680 ಲೀಟರಿನಲ್ಲಿ ಇಳಿಯುವುದು 0.3 ಡಿಗ್ರಿ. ಕೆಲಸ ಮಾಡಿದ್ದು ಐಸಲ್ಲ. ಚಿಲ್ಲರನ್ನು ಆರಿಸಿ, ಬಾಗಿಲುಗಳ ತಿರುಪು ಬಿಚ್ಚಿ ತೆಗೆದಿಟ್ಟು, ಎಸಿಯನ್ನು 20ಕ್ಕೆ ತಂದು, ಸಂಪಿನ ನೀರಿನ ಮೇಲೆ ಗಾಳಿ ಬೀಸುವ ಹಾಗೆ ಒಂದು ಟೇಬಲ್ ಫ್ಯಾನ್ ಇಟ್ಟೆವು. ಒಂದು ಲೀಟರ್ ನೀರು ಆವಿಯಾದರೆ ಇಷ್ಟು ದೊಡ್ಡ ಟ್ಯಾಂಕಿನಿಂದ 0.8 ಡಿಗ್ರಿಗಿಂತ ಜಾಸ್ತಿ ಬಿಸಿ ಹೊರಗೆ ಹೋಗುತ್ತದೆ. ಆವಿಯಾದಷ್ಟು ನೀರು ತಾನೇ ತುಂಬುವ ಎಟಿಒ ಗರ್ ಅಂತ ನೀರು ಎಳೆಯುತ್ತಾ ಇತ್ತು. ನಾವಿಬ್ಬರೂ ನೆಲದ ಮೇಲೆ ಕೂತು ಮಾತಿಲ್ಲದೆ ಥರ್ಮಾಮೀಟರ್ ನೋಡುತ್ತಾ ಇದ್ದೆವು. 30.6. 30.4. 30.4. 30.4. ಆ ಮೂರನೇ 30.4 ಇದೆಯಲ್ಲ, ಅದು ಅಲ್ಲಾಡಲು ಎಷ್ಟು ಹೊತ್ತಾಯಿತು ಅಂತ ಈಗ ಹೇಳಿದರೆ ಯಾರೂ ನಂಬುವುದಿಲ್ಲ.

ಬೆಳಕಾದ ಮೇಲೆ ಟಾರ್ಚ್ ಹಿಡಿದು ನೋಡಿದೆ. ಹಿಂದಿನ ಸಾಲಿನ ಆಕ್ರೊಪೋರಾ ಬುಡದಿಂದ ಸಿಪ್ಪೆ ಸುಲಿದ ಹಾಗೆ ಬಿಡುತ್ತಿತ್ತು. ಪಂಪಿನ ಅಲೆಗೆ ಆ ಚೂರುಗಳು ಹಾರುತ್ತಿದ್ದವು. ಒಳಗೆ ಬಿಳಿ ಎಲುಬು.

ಇಷ್ಟರಲ್ಲೇ ಮುಗಿಯಲಿಲ್ಲ, ಇನ್ನೊಂದು ತಪ್ಪು ಬಾಕಿ ಇತ್ತು. ಸಾಯುತ್ತಿರುವ ಹವಳ ಕೆಎಚ್ (ಎಲುಬು ಕಟ್ಟಲು ಹವಳ ಬಳಸುವ, ನೀರಿನಲ್ಲಿನ ಕ್ಷಾರ) ತಿನ್ನುವುದಿಲ್ಲ. ಡೋಸರಿಗೆ ಅದು ಗೊತ್ತಾಗುವುದೂ ಇಲ್ಲ, ದಿನದ ಲೆಕ್ಕ ಸುರಿಯುತ್ತಲೇ ಇತ್ತು. ಎರಡು ದಿನ ಬರೀ ಟೆಂಪರೇಚರ್ ನೋಡಿಕೊಂಡು ಓಡಾಡಿದ ನಾನು ಮೂರನೇ ದಿನ ಟೆಸ್ಟ್ ಮಾಡಿದರೆ 8.2 ಇದ್ದದ್ದು 9.6. ಬದುಕಬಹುದಾಗಿದ್ದ ಒಂದೆರಡು ಪೀಸು ಈ ದಿಢೀರ್ ಏರಿಕೆಯಿಂದಲೇ ಹೋದವು ಅನ್ನುವುದು ನನ್ನ ಅನುಮಾನ. ಹತ್ತೊಂಬತ್ತು ಆಕ್ರೊಪೋರಾದಲ್ಲಿ ಹನ್ನೊಂದು ಹೋದವು. ಮೊಂಟಿಪೋರಾ ಅನ್ನುವ ಇನ್ನೊಂದು ಹವಳ ಬಿಳಿಚಿಕೊಂಡಿತ್ತು, ಚಳಿಗಾಲದ ಹೊತ್ತಿಗೆ ಬಣ್ಣ ಹಿಡಿಯಿತು.

ಈಗ ಅಲ್ಲಿ ಅರ್ಧ ಎಚ್‌ಪಿ ಚಿಲ್ಲರ್ ಇದೆ. ಲಾಂಡ್ರಿ ರೂಮಿನಲ್ಲಿಟ್ಟು, ಎಕ್ಸಾಸ್ಟ್ ಕೊಟ್ಟು, ಗೋಡೆ ಕೊರೆದು ಪೈಪ್ ಎಳೆದೆವು. ಬಯಲಿಗೇ ಇಡೋಣ ಅಂತ ಬಾಸ್ ಹೇಳಿದ್ದರು. ಹೊರಗೆ 45 ಡಿಗ್ರಿಯಲ್ಲಿ ಅದು ಏನನ್ನು ತಣ್ಣಗೆ ಮಾಡೀತು ಅಂತ ಕೇಳಿದ ಮೇಲೆ ಸುಮ್ಮನಾದರು. ಖರ್ಚು ಕಂಪನಿಯದು, ನನ್ನ ಇನ್ಸೆಂಟಿವ್ ಕಟ್. ಸೇಲ್ಸ್‌ನವನ ಟಾರ್ಗೆಟ್ ಮಾತ್ರ ಎಂಟು ತಿಂಗಳ ಹಿಂದೆಯೇ ಮುಗಿದಿತ್ತು ನೋಡಿ, ಅವನಿಗೇನೂ ಆಗಲಿಲ್ಲ. ಈಗ ಸರ್ವೆಗೆ ಹೋದಲ್ಲಿ ಎಸಿ ಆರಿಸಿ ಒಂದು ಗಂಟೆ ಕೂರುತ್ತೇನೆ. ಮನೆಯವರು ಬೀಸಣಿಗೆ ಹುಡುಕುತ್ತಾರೆ, ಅವನು ಗಡಿಯಾರ ನೋಡುತ್ತಾನೆ.

ಅಲಾರಂ ಈಗಲೂ ಗಿರಾಕಿಯ ಫೋನಿಗೆ ಮಾತ್ರ ಹೋಗುತ್ತದೆ. ಬಾಸ್ ಇನ್ನೂ ನೋಡುತ್ತಿದ್ದಾರೆ. ಉಡುಪಿಯವರು ಈ ವರ್ಷ ಊರಿಗೆ ಹೊರಡುವ ದಿನ ಒಂದು ಫೋಟೋ ಕಳಿಸಿದ್ದರು. ಎಸಿ ರಿಮೋಟಿಗೆ ಪ್ಯಾಕಿಂಗ್ ಟೇಪ್ ಸುತ್ತಿಟ್ಟಿದ್ದಾರೆ, 24ರ ಅಂಕಿ ಮಾತ್ರ ಕಾಣುತ್ತದೆ. ಕೆಳಗೆ ಒಂದೇ ಸಾಲು: "ಪ್ರೋಬ್ ಸರಿ ಉಂಟಲ್ಲ ಮಾರಾಯ್ರೇ?"