ಆಕಳಿಕೆ ಬಂದರೆ ಅಲ್ಲೇ ಕುಳಿತುಬಿಡಿ

ಬವಳಿ ಬಂದು ಪ್ರಜ್ಞೆ ತಪ್ಪುವ ಮೊದಲು ಆಕಳಿಕೆ ಬರಬಹುದು. ಹೊಟ್ಟೆ ತೊಳೆಸುವುದು, ತಣ್ಣನೆಯ ಬೆವರು, ಕಿವಿಯಲ್ಲಿ ಗುಂಯ್‌ಗುಡುವುದು ಕೂಡ ಅದರ ಜೊತೆ ಬರಬಹುದು. ವಾರ್ಡಿನಲ್ಲಿ ನಿಂತ ವಿದ್ಯಾರ್ಥಿನಿ ಆಕಳಿಸಿದರೆ 'ರಾತ್ರಿಯೆಲ್ಲ ಮೊಬೈಲ್ ನೋಡಿರಬೇಕು' ಎಂದು ಗದರುವವರೇ ಹೆಚ್ಚು. ಅದು ದೇಹ ಕೊಡುವ ಮುನ್ಸೂಚನೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ವಿಜಯಪುರದಲ್ಲಿ ಬಿ.ಎಸ್ಸಿ. ನರ್ಸಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಊರು ಸಿಂದಗಿ ತಾಲ್ಲೂಕು. ಇದು ನಡೆದದ್ದು ಎರಡನೇ ವರ್ಷದಲ್ಲಿ, ಒಂದು ಶ್ರಾವಣ ಸೋಮವಾರ. ಅವ್ವ ಹಿಡಿಯುವ ಉಪವಾಸವನ್ನು ಹಾಸ್ಟೆಲಿಗೆ ಬಂದ ಮೇಲೂ ನಾನು ಬಿಟ್ಟಿರಲಿಲ್ಲ. ಚಹಾ ಒಂದನ್ನು ಕುಡಿದು ಮೆಡಿಸಿನ್ ವಾರ್ಡಿಗೆ ಹೋಗಿದ್ದೆ. ಅಲ್ಲಿ ಒಬ್ಬ ಹುಡುಗನ ಎದೆಯಲ್ಲಿ ತುಂಬಿಕೊಂಡಿದ್ದ ನೀರನ್ನು ತೆಗೆಯುವುದಿತ್ತು. ಅವನಿಗೆ ನನ್ನ ತಮ್ಮನ ವಯಸ್ಸು. ಮಂಚದ ಅಂಚಿಗೆ ಕೂರಿಸಿ, ಮುಂದಿನ ಮೇಜಿನ ಮೇಲೆ ದಿಂಬಿಟ್ಟು, ಅದರ ಮೇಲೆ ಕೈ ಊರಿಸಿ ಬೆನ್ನು ಬಾಗಿಸಿದ್ದರು. ಪ್ರತಿ ಪಕ್ಕೆಲುಬಿನ ಕೆಳ ಅಂಚಿನಲ್ಲಿ ರಕ್ತನಾಳ, ನರಗಳು ಹಾದು ಹೋಗುತ್ತವೆ. ಅವುಗಳಿಗೆ ತಾಗದಂತೆ ಸೂಜಿ ಎಲುಬಿನ ಮೇಲಂಚನ್ನು ಸವರಿಕೊಂಡೇ ಒಳಗೆ ಹೋಗಬೇಕು ಎಂದು ಡಾಕ್ಟರ್ ವಿವರಿಸುತ್ತಿದ್ದರು. ನಾನು ಹುಡುಗನ ಹೆಗಲು ಹಿಡಿದುಕೊಂಡಿದ್ದೆ.

ಸೂಜಿ ಇಳಿದಾಗ ನನಗೇನೂ ಆಗಲಿಲ್ಲ. ಒಣ ಕಣಿಕೆಯ ಬಣ್ಣದ ನೀರು ಸಿರಿಂಜಿಗೆ ಏರತೊಡಗಿದಾಗಲೂ ಆಗಲಿಲ್ಲ. ಅವನು 'ಅಕ್ಕಾ' ಎಂದ. ಅಷ್ಟೇ. ಅವನ ಹೆಗಲಿನ ನಡುಕ ನನ್ನ ಅಂಗೈಗೆ ತಿಳಿಯಿತು. ಆಕಳಿಸಿದೆ, ಮತ್ತೆ ಆಕಳಿಸಿದೆ. ಡಾಕ್ಟರ ಮಾತು ಪಕ್ಕದ ಕೋಣೆಯಿಂದ ಬರುವಂತಾಯಿತು, ನೋಟದ ಅಂಚುಗಳು ಕಪ್ಪಾದವು. ಎಚ್ಚರವಾದಾಗ ಗೆಳತಿಯರು ಕಂಕುಳಿಗೆ ಕೈ ಕೊಟ್ಟು ನನ್ನನ್ನು ಸ್ಟೂಲಿನ ಮೇಲೆ ನೆಟ್ಟಗೆ ಕೂರಿಸಿ ಹಿಡಿದಿದ್ದರು.

ಪ್ರೀತಿಯಿಂದಲೇ ಹಿಡಿದಿದ್ದರು, ಆದರೆ ಹಾಗೆ ಹಿಡಿಯಬಾರದು. ಇಂಥ ಹೊತ್ತಿನಲ್ಲಿ ನಾಡಿ ನಿಧಾನವಾಗುತ್ತದೆ, ಕಾಲಿನ ರಕ್ತನಾಳಗಳು ಸಡಿಲಗೊಂಡು ರಕ್ತ ಕೆಳಗೇ ಉಳಿಯುತ್ತದೆ, ಮಿದುಳಿಗೆ ಸಾಲದೆ ಪ್ರಜ್ಞೆ ತಪ್ಪುತ್ತದೆ. ಮಲಗಿಸಿ ಕಾಲು ಎತ್ತಿದರೆ ಸಾಮಾನ್ಯವಾಗಿ ಒಂದೆರಡು ನಿಮಿಷದೊಳಗೆ ಸರಿಹೋಗುತ್ತದೆ. ನೆಟ್ಟಗೆ ಹಿಡಿದರೆ ರಕ್ತ ಮೇಲೇರುವುದಿಲ್ಲ, ಕೈಕಾಲು ಅದುರಬಹುದು. ನನ್ನ ಕೈಗಳು ಅದುರಿದವಂತೆ. ನೋಡಿದವರಲ್ಲಿ ಒಬ್ಬರು 'ಫಿಟ್ಸ್' ಎಂದರು.

ಆ ಮಾತು ನನಗಿಂತ ಮೊದಲು ಊರು ಮುಟ್ಟಿತು. ನಮ್ಮ ಕಡೆಯ ಹುಡುಗಿಯೊಬ್ಬಳು ತನ್ನ ಮನೆಯಲ್ಲಿ ಹೇಳಿದ್ದಳು, ಅಲ್ಲಿಂದ ಅದು ನಮ್ಮ ಅತ್ತೆಯ ಕಿವಿಗೆ ಬಿತ್ತು. 'ಫಿಟ್ಸ್ ಬರುವ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ?' ಎಂದು ಅತ್ತೆ ಕೇಳಿದ್ದನ್ನು ಅವ್ವ ಫೋನಿನಲ್ಲಿ ಅಳುತ್ತಲೇ ಹೇಳಿದಳು. ಸಿದ್ಧೇಶ್ವರನಿಗೆ ಹರಕೆ ಹೊತ್ತಾಗಿತ್ತು, ಓದು ಬಿಡಿಸುವ ಮಾತೂ ನಡೆದಿತ್ತು. (ಮೂರ್ಛೆರೋಗ ಇದ್ದವರಾದರೂ ಮಾತ್ರೆ ತೆಗೆದುಕೊಳ್ಳುತ್ತ ದುಡಿದು ಸಂಸಾರ ನಡೆಸುತ್ತಾರೆ. ಅವರನ್ನು ಹಾಗೆ ಅಳೆಯುವುದು ಅನ್ಯಾಯ. ಅದು ನನಗೆ ಇವತ್ತಿಗೂ ಸಿಟ್ಟು ಬರಿಸುತ್ತದೆ.)

ನನ್ನನ್ನು ಉಳಿಸಿದವರು ಆ ದಿನ ನೀರು ತೆಗೆದ ಡಾಕ್ಟರೇ. ಬೀಳುವ ಮೊದಲು ಏನೇನಾಯಿತು, ಏನು ತಿಂದಿದ್ದೆ, ನಾಲಿಗೆ ಕಚ್ಚಿಕೊಂಡಿತ್ತೇ, ಎದ್ದ ಕೂಡಲೇ ಎಲ್ಲಿದ್ದೇನೆಂದು ತಿಳಿಯಿತೇ ಎಂದು ಒಂದೊಂದನ್ನೇ ಕೇಳಿದರು. ಮಲಗಿಸಿ ಬಿಪಿ ನೋಡಿ, ನಿಲ್ಲಿಸಿ ಮತ್ತೆ ನೋಡಿದರು. ಇಸಿಜಿ ಮಾಡಿಸಿದರು. ಆಮೇಲೆ ಅವ್ವನೊಡನೆ ತಾವೇ ಫೋನಿನಲ್ಲಿ ಮಾತಾಡಿದರು: 'ಅವ್ವಾ, ಇದು ಫಿಟ್ಸ್ ಅಲ್ಲ, ಬವಳಿ. ಹಸಿದು ನಿಂತಿದ್ದಳು.' ಬರ್ಲಿನ್ನಿನ ಸಂಶೋಧಕರು ಆರೋಗ್ಯವಂತ ಸ್ವಯಂಸೇವಕರಿಗೆ ಬೇಕೆಂದೇ ಬವಳಿ ಬರಿಸಿ ವಿಡಿಯೊ ಮಾಡಿ 1994ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಆಮೇಲೆ ನನಗೆ ಹೇಳಿದರು. ಪೂರ್ತಿ ಪ್ರಜ್ಞೆ ತಪ್ಪಿದ 42 ಜನರಲ್ಲಿ ಶೇಕಡ 90ರಷ್ಟು ಮಂದಿಯ ಕೈಕಾಲು ಅದುರಿದ್ದವು. ಬರೀ ಅದುರಿದ್ದನ್ನು ನೋಡಿ ಫಿಟ್ಸ್ ಎನ್ನಲಾಗದು.

ಧೈರ್ಯ ಸಾಲದು ಎಂದವರೂ ಇದ್ದರು. ಹಾವು ಕಂಡು ಹೆದರಿದರೆ ಬಿಪಿ ಏರುತ್ತದೆ, ನಾವು ಓಡುತ್ತೇವೆ. ರಕ್ತ, ಸೂಜಿ, ಗಾಯ ಕಂಡಾಗ ಕೆಲವರಲ್ಲಿ ಅದು ಮೊದಲು ಏರಿ ಆಮೇಲೆ ಧಡಕ್ಕನೆ ಇಳಿಯುತ್ತದೆ. ಇದು ಮನಸ್ಸಿನ ಹಿಡಿತದಲ್ಲಿರುವ ಸಂಗತಿಯಲ್ಲ. ಬರಿ ಹೊಟ್ಟೆ, ಕಡಿಮೆ ನೀರು, ಸೆಕೆ, ಕಾಲು ಕದಲಿಸದೆ ಬಹಳ ಹೊತ್ತು ನಿಲ್ಲುವುದು ಸೇರಿದರೆ ಇನ್ನೂ ಬೇಗ ಬೀಳುತ್ತೇವೆ. 'ಮೈ ಸಡಿಲ ಬಿಡು' ಎಂಬ ಉಪದೇಶ ಇಲ್ಲಿ ತಿರುಗುಮುರುಗು, ಬೇಕಾದದ್ದು ಬಿಗಿತ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರಾನ್ ಓಸ್ಟ್ 1980ರ ದಶಕದಲ್ಲಿ ಕಲಿಸಿದ ಅಭ್ಯಾಸ ಇದು: ತೋಳು, ಹೊಟ್ಟೆ, ಕಾಲುಗಳನ್ನು 10–15 ಸೆಕೆಂಡ್, ಮುಖ ಬಿಸಿಯೇರುವವರೆಗೆ ಬಿಗಿಹಿಡಿಯಬೇಕು, 20–30 ಸೆಕೆಂಡ್ ಬಿಟ್ಟು ಮತ್ತೆ ಬಿಗಿಹಿಡಿಯಬೇಕು, ಹೀಗೆ ಐದು ಸಲ. ನಾನು ಹಾಸ್ಟೆಲಿನ ಕುರ್ಚಿಯಲ್ಲಿ ಕುಳಿತು ರೂಢಿಸಿಕೊಂಡೆ. ಉಪವಾಸ ಬಿಟ್ಟಿಲ್ಲ. ಬಾಳೆಹಣ್ಣು, ಶೇಂಗಾ ತಿಂದು, ಎರಡು ಲೋಟ ನೀರು ಕುಡಿದೇ ವಾರ್ಡಿಗೆ ಹೋಗುತ್ತೇನೆ. ಹೆರಿಗೆ ವಾರ್ಡಿನಲ್ಲಿ ಹೊಲಿಗೆ ಹಾಕುವಾಗ ನಾನೀಗ ಪಕ್ಕದಲ್ಲಿ ನಿಂತು ಸಲಕರಣೆ ಕೊಡುತ್ತೇನೆ.

ಓಡುವಾಗ ಅಥವಾ ಮಲಗಿದ್ದಾಗ ಪ್ರಜ್ಞೆ ತಪ್ಪಿದರೆ, ಜೊತೆಗೆ ಎದೆನೋವಿದ್ದರೆ, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ದಿಢೀರನೆ ತೀರಿಕೊಂಡಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಮೂಗಿಗೆ ಹಿಡಿಯಲು ಉಳ್ಳಾಗಡ್ಡಿ ಹುಡುಕುತ್ತ ಹೊತ್ತು ಕಳೆಯುವ ಬದಲು ಮೊದಲು ಮಲಗಿಸಿ.

ನಮ್ಮ ಕಲಿಸುವವರಲ್ಲಿ ಒಂದು ಬೇಡಿಕೆ. ಪೋಸ್ಟಿಂಗಿನ ಮೊದಲ ದಿನ ಕೈ ತೊಳೆಯುವ ಕ್ರಮ ಹೇಳಿಕೊಡುತ್ತೀರಿ. ಹಳದಿ, ಕೆಂಪು, ನೀಲಿ, ಬಿಳಿ ಕಸದ ಡಬ್ಬಿಗಳಲ್ಲಿ ಯಾವುದಕ್ಕೆ ಏನು ಹಾಕಬೇಕೆಂದು ತೋರಿಸುತ್ತೀರಿ. ಅದೇ ಹೊತ್ತಿಗೆ ಇದನ್ನೂ ಹೇಳಿ: ಆಕಳಿಕೆ, ಬೆವರು, ಕಣ್ಣಿಗೆ ಮಬ್ಬು ಬಂದರೆ ಯಾರನ್ನೂ ಕೇಳದೆ ಹಿಂದೆ ಸರಿದು ನೆಲದ ಮೇಲೆ ಕುಳಿತುಕೊಳ್ಳಬಹುದು, ಅದಕ್ಕೆ ಯಾರೂ ಬೈಯುವುದಿಲ್ಲ. ಹೇಳಿದ ಮೇಲೆ ನಿಜವಾಗಿಯೂ ಬೈಯಬೇಡಿ.